ಹರಡೈತೋ, ಹರಡತೈತೋ

ನವನಗರ, ಬಾಗಲಕೋಟಿ
೨೧ ಡಿಸೆಂಬರ್ ೨೦೨೫, ರವಿವಾರ

ಗೆಳತಿ ಮಲ್ಲಕ್ಕಗ,

ನಿನ್ನ ರಮಾಬಾಯಿಯ ಜೈಭೀಮ. ನಿಮ್ಮ ಮನಿದೇವ್ರು ಬೀರಪ್ಪಗೂ ನನ್ನದೊಂದು ಶರಣು ಮುಟ್ಟಸು. ಈ ಸಲ ಅಂವನ ಸಹಾಯಾನೂ ಬೇಕಾಗೂ ಹಂಗ ಕಾಣತೈತಿ.

ದೀಪಾವಳಿಗೆ ಬರೀತೇನಿ ಅಂದಾಕಿ ಎಳ್ಳ ಅಮಾಸಿ ಮುಗಿಸಿ ಈಗ ಪೆನ್ನ ಹಿಡದೇನಿ. ಬೈಯೂದಿದ್ರ ಇಲ್ಲೇ ನಿಂತು ಒಮ್ಮೆ ಬೈದು ಮುಗಿಸು, ಆಮ್ಯಾಲ ಮುಂದ ಓದು. ಫೋನರ ಮಾಡಬೇಕಿಲ್ಲೇನ ಅಂತೀ. ಮಾಡಿದ್ನೆಲ್ಲವಾ! ಹಿಂದಿನ ವಾರ ಮಾಡಿದಾಗ ಏನಾತು ನೆನಪೈತೇನು? ನಾ "ನನ್ನ ಪುಪ್ಪಸದಾಗ ನೆರಳ ಕಂಡೈತಿ" ಅಂದ್ರ, ನೀ "ಪಾಯಸದಾಗ ಹರಳ ಬಂತಾ? ಗೋದಿ ಹಸನ ಮಾಡಿ ಹಾಕಬೇಕವಾ" ಅಂದಿ. ನಾ ಒದರೂದು, ನಿನ್ನ ಕಿವಿ ಮಷೀನ ಸೀಟಿ ಹೊಡ್ಯೂದು, ನಡುವ ನನಗ ಕೆಮ್ಮು ಬರೂದು. ಕಡೀಕ ನೀ "ಪಾಯಸ ಬಿಸಿ ಇದ್ದಾಗ ಕುಡೀಬ್ಯಾಡ, ಕೆಮ್ಮು ಹತ್ತತೈತಿ" ಅಂತ ಬುದ್ಧಿ ಹೇಳಿ ಫೋನ ಇಟ್ಟಿ. ಸಾಲಿ ಬಿಟ್ಟು ಇಷ್ಟು ವರ್ಷ ಆದ್ರೂ ಬುದ್ಧಿ ಹೇಳೂದು ಮಾತ್ರ ಬಿಟ್ಟಿಲ್ಲ ನೀ. ಅದಕ ಈ ಪತ್ರ.

ಮೊದಲಿಂದ ಹೇಳ್ತೇನಿ. ಆರು ವರ್ಷದ ಹಿಂದ ನನ್ನ ಎಡಗಡಿ ಎದಿ ತಗದ್ರಲ್ಲ, ಆವಾಗಿಂದ ವರ್ಷಕ್ಕೊಮ್ಮೆ ತೋರಿಸ್ಕೊಂಡು ಬರೂದು, ಅವರು "ಆರಾಮ ಅದೀರಿ" ಅನ್ನೂದು, ನಾ ಬರುವಾಗ ಒಂದು ಕೆಜಿ ಪೇರಲಹಣ್ಣು ತರೂದು, ಹಿಂಗ ನಡದಿತ್ತು. ಈ ಸಲ ಮಳಿ ಮುಗಿಯೂ ಹೊತ್ತಿಗೆ ಜ್ವರ ಬಂತು. ಜ್ವರ ಹೋತು, ಕೆಮ್ಮು ಹೋಗವಲ್ದು. ನನಗೇನು, ಕೆಮ್ಮು ಹೊಸಾದಲ್ಲ. ಸಣ್ಣಾಕಿದ್ದಾಗ ಒಲಿ ಹೊಗಿ, ದೊಡ್ಡಾಕ್ಯಾಗಿ ಬಸ್ಸಿನ ಧೂಳು, ಮನಿಯೊಳಗ ನಮ್ಮವರ ಬೀಡಿ. ಇಳಕಲ್ಲ ಬಸ್ಸಿನ್ಯಾಗ ಟಿಕೀಟ ಹರಕೋತ ನಾ ಕೆಮ್ಮಿದ್ರ, ಕಂಡಕ್ಟರ್ ಸೀಟಿನ ಬಾಜೂ ಕುಂತು ದಿನಾ ಹುನಗುಂದದ ಸಾಲಿಗೆ ಕಲಸಾಕ ಹೋಗಾಕಿ ನೀನ, "ರಮಾಬಾಯಿ, ನಿನಗ ಸೀಟಿ ಯಾಕ ಬೇಕ? ಕೆಮ್ಮು, ಡ್ರೈವರ್ ಬಸ್ ನಿಂದ್ರಸ್ತಾನ" ಅಂತಿದ್ದಿ.

ಆದ್ರ ಈ ಕೆಮ್ಮು ಬ್ಯಾರೆ ಇತ್ತು. ಮೆಟ್ಟಲ ಏರಿದ್ರ ತೇಕು. ದವಾಖಾನಿಗೆ ಹೋದ್ರ ಎಕ್ಸರೇ ತಗದ್ರು, ಆಮ್ಯಾಲ ಆ ದೊಡ್ಡ ಉಂಗುರದಂಥ ಮಷೀನಿನ್ಯಾಗ ಮಲಗಿಸಿ ಮತ್ತೊಮ್ಮೆ ತಗದ್ರು. ಎದಿ ಡಾಕ್ಟರ್ ಹೆಸರು ಅಕೀಲ, ನನ್ನ ಮಗನಗಿಂತ ಸಣ್ಣ ಹುಡುಗ, ಆದ್ರ ಮಾತು ಭಾಳ ನಿಧಾನ. ಫಿಲ್ಮು ಬೆಳಕಿಗೆ ಹಿಡದು, "ಅವ್ವಾರ, ಇಲ್ಲೊಂದು ನೆರಳ ಕಾಣತೈತ್ರಿ. ಜ್ವರದ ಬಾವು ಇನ್ನೂ ಆರದ ಉಳದಿರಬಹುದು. ಟಿಬಿ ಇರಬಹುದು. ಇಲ್ಲಾ, ನಿಮ್ಮ ಹಳೇ ರೋಗ ಪುಪ್ಪಸಕ್ಕ ಹರಡಿರಬಹುದು. ತಪಾಸ ಮಾಡದ ನಾ ಏನೂ ಹೇಳಾಕ ಬರೂದಿಲ್ಲ" ಅಂದ.

"ಅಲ್ಲಪಾ, ಬಂದಿದ್ದು ಜ್ವರ. ಹೋಗಿದ್ದ ರೋಗ ಯಾಕ ಹೊಳ್ಳಿ ಬರತೈತಿ?" ಅಂತ ಕೇಳಿದ್ನಿ.

ಅಂವ ಪಾಪ ಕುರ್ಚಿ ಸರಿಸಿಕೊಂಡು ಕುಂತು ಹೇಳಿದ. ಆಪರೇಷನ್ನಿಗಿಂತ ಮೊದಲ ಆ ರೋಗದ ಒಂದೆರಡು ಕಣ ತಪ್ಪಿಸಿಕೊಂಡು ಪುಪ್ಪಸಕ್ಕ ಬಂದು ಮಲಗಿರಬಹುದಂತ. ವರ್ಷಗಟ್ಟಲೆ ಮಲಗೇ ಇರತಾವಂತ, ಯಾರಿಗೂ ತ್ರಾಸ ಕೊಡೂದಿಲ್ಲಂತ. ಆದ್ರ ಪುಪ್ಪಸದಾಗ ಸೋಂಕು ಆಗಿ, ಬಾವು ಬಂದು, ಅದು ಆರದ ಹಂಗ ಉಳೀತಂದ್ರ, ಸೋಂಕಿನ ಜೋಡಿ ಬಡದಾಡಾಕ ನಮ್ಮ ಮೈಯಾಗಿನ ಕಾವಲಿನವರು ಓಡಿ ಬರತಾರಲ್ಲ, ಆ ಗದ್ದಲದಾಗ ಅವಕ್ಕ ಎಚ್ಚರ ಆಗಬಹುದಂತ. "ಎಲ್ಲಾರಿಗೂ ಹಂಗ ಆಗತೈತಿ ಅಂತಲ್ರಿ. ಈಗೀಗ ಇಲಿಯೊಳಗ ನೋಡ್ಯಾರ. ಮನಷ್ಯಾರೊಳಗೂ ಇರಬಹುದು ಅಂತ ಅನುಮಾನ ಐತಿ, ಇನ್ನೂ ಹುಡಕಾಕತ್ತಾರ" ಅಂದ.

ನನಗ ಪಕ್ಕಾ ತಿಳೀತು ನೋಡು ಮಲ್ಲಕ್ಕ. ಟಿಕೀಟ ಇಲ್ಲದಂವ ಹಿಂದಿನ ಸೀಟಿನ್ಯಾಗ ಟಾವೆಲ್ ಹೊತ್ಕೊಂಡು ಮಲಗಿರತಾನ. ಬಸ್ಸು ಸುಮ್ನ ಹೊಂಟಿದ್ರ ಅಂವನೂ ಸುಮ್ನ. ಬಸ್ಸಿನ್ಯಾಗ ಜಗಳ ಹತ್ತಿ, ಮಂದಿ ಎದ್ದು ನಿಂತು, ಬಾಗಲಾ ತಗದ್ರು ಅಂತ ಇಟ್ಕೋ. ಗದ್ದಲದಾಗ ಅಂವನೂ ಎದ್ದು, ಇಳದು, ಊರೊಳಗ ಹೊಕ್ಕು, ಮನಿ ಕಟ್ಟಿಬಿಡತಾನ. ಆಮ್ಯಾಲ ಯಾರು ಎಬ್ಬಸ್ತೀರಿ ಅಂವನ್ನ?

ನಾ ಹಿಂಗ ತಿಳಕೊಂಡ್ರ, ನಮ್ಮವರು ಬ್ಯಾರೇನ ತಿಳಕೊಂಡ್ರು. ಪಾಂಡಪ್ಪ ಲೈನಮನ್ ಅಂದ್ರ ನಿನಗ ಗೊತ್ತೈತೆಲ್ಲ, ರಿಟೈರ್ ಆದ್ರೂ ಕಂಬ ಕಂಡ್ರ ನಿಂತು ನಮಸ್ಕಾರ ಮಾಡೂ ಮನಷ್ಯಾ. ಡಾಕ್ಟರ್ ಮಾತು ಮುಗದ ಮ್ಯಾಲ ಅವರು ಕೇಳಿದ ಪ್ರಶ್ನೆ ಯಾವುದು ಹೇಳು? "ಸಾಹೇಬ್ರ, ಇಲಿ ಬೀಡಿ ಸೇದತಾವೇನ್ರಿ?"

ಡಾಕ್ಟರ್ ಅವರ ಅಂಗಿ ಕಿಸೆ ನೋಡಿದ. "ತಾವಾಗಿ ಸೇದೂದಿಲ್ರಿ ಕಾಕಾ, ಇಲಿಗೆ ಅಷ್ಟು ತಿಳುವಳಿಕಿ ಐತಿ. ಮಂದಿ ಹೊಗಿ ಕುಡಿಸಿ ನೋಡ್ಯಾರ. ಆಗ ಮಲಗಿದ ಕಣ ಎದ್ದಾವು" ಅಂದ. ನಮ್ಮವರು ಕಿಸೆ ಮ್ಯಾಲ ಕೈ ಇಟ್ಕೊಂಡ್ರು. ಧ್ವಜವಂದನಕ್ಕ ನಿಂತವರ ಹಂಗ ಕಂಡ್ರು.

ಮನಿಗೆ ಬಂದ ಮ್ಯಾಲ ಚಾಲೂ ಆತವಾ ಇವರ ಕಾರಭಾರ. ಡಾಕ್ಟರ್ ಹೇಳಿದ್ದರೊಳಗ ಇವರ ತಲಿಯೊಳಗ ಉಳದದ್ದು ಎರಡ ಮಾತು: ಗದ್ದಲ, ಮತ್ತ ಎಚ್ಚರ. "ರಮಾ, ಅವು ಮಲಗ್ಯಾವು. ಸಪ್ಪಳ ಮಾಡಬ್ಯಾಡ" ಅಂತ ಮನಿಯೊಳಗ ತುದಿಗಾಲಮ್ಯಾಲ ಓಡಾಡಾಕ ಹತ್ತಿದ್ರು. ಕುಕ್ಕರಿನ ಮುಂದ ಕಾವಲಾ ನಿಂತು, ಅದು ಸೀಟಿ ಹೊಡ್ಯಾಕ ಉಸುರು ಎಳಕೊಂಡ ಕೂಡ್ಲೇ ಗ್ಯಾಸ್ ಬಂದ್ ಮಾಡೂದು. ಆ ವಾರಪೂರ್ತಿ ಬ್ಯಾಳಿ ಕುದೀಲಿಲ್ಲ. ಕಟಕಟ ಕಡದು ಉಂಡಿವಿ. ಹಳೇ ಕಬ್ಬಣ ಕೊಳ್ಳಾಂವ ಭೋಂಗಾ ಹಚ್ಕೊಂಡು ಓಣಿಗೆ ಬಂದ್ರ, ಅಂವಗ ಕೈಮುಗದು, ಮನಿಯಾಗಿನ ಗಟ್ಟಿಮುಟ್ಟ ಬಕೀಟ ಪುಕ್ಕಟ ಕೊಟ್ಟು ಕಳಿಸಿದ್ರು. ಟಿವಿ ಬಾಯಿ ಮುಚ್ಚಿಸಿ, ಸುದ್ದಿ ಓದಾಕಿ ತುಟಿ ನೋಡಿ ನನಗ ಸುದ್ದಿ ಹೇಳೂದು. ಒಂದಿನ ಹೊಸ ಸರಕಾರ ಬಂತಂದ್ರು. ನೋಡಿದ್ರ ಅದು ಟೂತ್‌ಪೇಸ್ಟ್ ಜಾಹೀರಾತು.

"ಅಲ್ರೀ, ಕಣಕ್ಕ ಕಿವಿ ಎಲ್ಲಿ ಅದಾವು?" ಅಂತ ಕೇಳಿದ್ನಿ.

"ಕಂಬಕ್ಕ ಕಿವಿ ಅದಾವೇನು? ಆದ್ರೂ ಹೈಟೆನ್ಶನ್ ತಂತಿ ಕಡದ್ರ ಇಡೀ ಊರಿಗೆ ಗೊತ್ತಾಗತೈತಿ. ನಿನಗ ಲೈನಿನ ವಿಚಾರ ತಿಳಿಯೂದಿಲ್ಲ, ಸುಮ್ನಿರು" ಅಂದ್ರು.

ಇದಿಷ್ಟಕ್ಕ ಮುಗದಿದ್ರ ನಾ ನಕ್ಕು ಬಿಡತಿದ್ನಿ. ನಮ್ಮ ಬಾಜೂ ಮನಿ ಸುಂದರವ್ವ, ಅಕೀ ಬಸರಿ ಮಗಳ ಕುಬಸ ಬಂತು. ಮುಂಜಾನೆ ಪೆಂಡಾಲ ಹಾಕಿ, ನಮ್ಮ ಗ್ವಾಡಿಗೆ ಮುಖ ಮಾಡಿ, ಆಳೆತ್ತರದ ಎರಡು ಸ್ಪೀಕರ್ ಇಟ್ರು. ಹಾಡ ಸುರುವಾತು ನೋಡು, ನಮ್ಮ ಮಾಡದಾಗಿನ ಭಾಂಡೆ ಕುಣ್ಯಾಕ ಹತ್ತಿದ್ವು. ನಮ್ಮವರು ಎರಡು ಸಲ ಹೋಗಿ ಕೈಮುಗದು ಬಂದ್ರು. ಅವರು "ಬರ್ರಿ ಕಾಕಾ, ಊಟ ತಯಾರೈತಿ" ಅಂದ್ರ ಹೊರತು ಸಪ್ಪಳ ಕಡಿಮಿ ಮಾಡಲಿಲ್ಲ. ಮೂರನೇ ಸಲ ಹೊರಗ ಹೋದ್ರು, ಹತ್ತು ನಿಮಿಷಕ್ಕ ಓಣಿ ತುಂಬ ಕರೆಂಟ್ ಹೋತು. ಹಾಡ ಅರ್ಧಕ್ಕ ನಿಂತು, ಅಡಗಿಯವರ ಮಿಕ್ಸರಿನ್ಯಾಗ ಚಟ್ನಿ ಅರ್ಧಕ್ಕ ನಿಂತು, ಬಸರಿ ಹುಡುಗಿ ಫ್ಯಾನ್ ಇಲ್ಲದ ಸೆರಗ ಬೀಸಿಕೋತ ಕುಂತಳು.

ಕರೆಂಟಿನ ಹುಡುಗೂರು ಬಂದ್ರು. ಎಲ್ಲಾ ಇವರ ಕೈಯಾಗ ಕೆಲಸ ಕಲತವರು. ಇವರು ಕಟ್ಟಿ ಮ್ಯಾಲ ಕುಂತದ್ದು ಕಂಡು, "ಗುರುಗಳ, ಫಾಲ್ಟ್ ಎಲ್ಲಿ ಇರಬಹುದ್ರಿ?" ಅಂತ ಕೇಳಿದ್ರು. ಇವರು ಗಂಭೀರ ಮಾರಿ ಮಾಡಿ, "ಆ ತುದಿಯಿಂದ ಒಂದೊಂದ ಕಂಬ ನೋಡ್ಕೋತ ಬರ್ರಿ, ಅವಸರ ಮಾಡಬ್ಯಾಡ್ರಿ" ಅಂತ ದಾರಿ ತೋರಿಸಿದ್ರು. ಹುಡುಗೂರು ಬಿಸಲಾಗ ಹತ್ತಿ ಇಳದು ಸಾಕಾಗಿ ಹೊಳ್ಳಿ ಬಂದಾಗ, ಇವರಿಗೆ ಅವರ ಮ್ಯಾಲ ಕನಿಕರ ಬಂದು, "ಒಂದು ಬೀಡಿ ಸೇದ್ರಪಾ" ಅಂತ ಕಿಸೆಯಾಗ ಕೈ ಹಾಕಿದ್ರು. ಬೀಡಿ ಕಟ್ಟಿನ ಜೋಡಿ ಫ್ಯೂಜೂ ಹೊರಗ ಬಂದು ಟಣ್ ಅಂತ ನೆಲಕ್ಕ ಬಿತ್ತು.

ಸುಂದರವ್ವ ಒಂದು ಕೈಯಾಗ ಹಸರ ಬಳಿ, ಇನ್ನೊಂದು ಕೈಯಾಗ ಸೌಟು ಹಿಡಕೊಂಡು ಬಂದಳವಾ! "ಪಾಂಡಣ್ಣ, ನಿಮಗೇನು ತಲಿಗಿಲಿ ಕೆಟ್ಟೈತೇನು? ನನ್ನ ಮಗಳ ಕುಬಸ ಐತಿ ಇವತ್ತು!" ಅಂತ ಓಣಿ ಎದ್ದು ನಿಂದ್ರೂ ಹಂಗ ಒದರಿದಳು. ನಮ್ಮವರು ತಲಿ ಬಗ್ಗಿಸಿ ನಿಂತು, "ಸುಂದರವ್ವಾ, ನಮ್ಮ ರಮಾಗ ಪುಪ್ಪಸದಾಗ ನೆರಳ ಕಂಡೈತಿ. ಹರಡೈತೇನೋ ಅಂತ ಡಾಕ್ಟರ್‌ಗೆ ಅನುಮಾನ ಐತಿ. ಗದ್ದಲ ಆದ್ರ ಅವು ಏಳತಾವಂತ" ಅಂದ್ರು. ಆ ಹೆಂಗಸು ಸೌಟ ಕೆಳಗ ಇಳಿಸಿ ನನ್ನ ಕಡೆ ನೋಡಿದಳು. ಹೊಳ್ಳಿ ಹೋಗಿ ತಾನ ಸ್ಪೀಕರಿನ ವಾಯರ್ ಕಿತ್ತಳು. ಕುಬಸದ ಹಾಡು ಹೆಣ್ಣಮಕ್ಕಳು ಬಾಯಿಲೇ ಹೇಳಿದ್ರು, ಅದೂ ಸಣ್ಣ ದನಿಯೊಳಗ. ನನಗ ನಗುವೂ ಬಂತು, ಅಳುವೂ ಬಂತು, ಅವೆರಡರ ನಡುವ ಕೆಮ್ಮು ಬಂತು.

ನಾಡಿದ್ದ ಕಫ ತಪಾಸಿಗೆ ಕೊಡಬೇಕು. ಆಮ್ಯಾಲ ಸೂಜಿ ಹಾಕಿ ಪುಪ್ಪಸದ ಒಂದು ತುಣುಕು ತಗೀತಾರಂತ. ಅಂಜಿಕಿ ಐತಿ ಮಲ್ಲಕ್ಕ. ನಿನ್ನ ಮುಂದ ಖರೇ ಹೇಳ್ತೇನಿ, ಭಾಳ ಐತಿ. ಒಂದೆರಡು ಸಾಲು ಬರೀ.

ನಿನ್ನ,
ರಮಾಬಾಯಿ

·

ನವನಗರ, ಬಾಗಲಕೋಟಿ
೨೫ ಜನವರಿ ೨೦೨೬

ಮಲ್ಲಕ್ಕ,

ನೀ ಬರದ ನಾಕು ಸಾಲು ಮುಟ್ಟಿದ್ವು. "ಚಳಿ ಕಡಿಮಿ ಆಗಲಿ, ಬರ್ತೇನಿ. ಜ್ವಾಕಿ" ಅಂದೀ. ಈ ವರ್ಷ ಇಳಕಲ್ಲಿನ್ಯಾಗ ಅಷ್ಟು ಚಳಿ ಐತೇನು? ಇಲ್ಲೆ ಫ್ಯಾನ್ ಹಚ್ಚಾಕತ್ತೇವಿ. ಇರಲಿ. ಉತ್ತರ ತಡಾ ಆತು, ಯಾಕಂದ್ರ ಹೇಳಾಕ ಒಂದು ಗಟ್ಟಿ ಸುದ್ದಿ ಸಿಗಲಿ ಅಂತ ಕಾಯಾಕತ್ತಿದ್ನಿ.

ಮೊದಲ ಓಣಿ ಸುದ್ದಿ ಕೇಳು. ಸುಂದರವ್ವ ಒಳ್ಳೇ ಮನಸಿನಿಂದ ನಾಕು ಮಂದಿ ಮುಂದ "ರಮಾಬಾಯಿಗೆ ಹರಡೈತಂತ, ಪಾಪ" ಅಂದಾಳ. ಕೇಳಿದಾಕಿ ಮುಂದಿನಾಕಿಗೆ "ಹರಡತೈತಂತ" ಅಂದಾಳ. ನೀ ಕನ್ನಡ ಕಲಿಸಿದಾಕಿ, ನೀನ ನೋಡು, ನಡುವ ಒಂದ ಒಂದು ‘ತ’ ಹೆಚ್ಚಾತು. ಆ ಒಂದು ಅಕ್ಷರಕ್ಕ ನನ್ನ ಬಾಳೇವು ತಲಿಕೆಳಗಾತು. ಮೈಯೊಳಗ ಹರಡಿದ್ದು ಹೊಸ್ತಲಾ ದಾಟಿ ಓಣಿಗೆ ಬಂತು. ಹಾಲಿನಂವ ಹಾಲು ಗೇಟಿನ ಹೊರಗ ಇಟ್ಟು, ನಾ ಬರೂದ್ರೊಳಗ ಗಾಡಿ ಓಡಿಸಿಕೊಂಡು ಹೋಗಾಂವ. ಕಾಯಿಪಲ್ಯೆಯಾಕಿ ದೂರ ನಿಂತು ಬದನಿಕಾಯಿ ನನ್ನ ಉಡಿಗೆ ಗುರಿಯಿಟ್ಟು ಒಗ್ಯಾಕಿ. ಅಕೀ ಗುರಿ ಚಲೋ ಐತಿ, ಒಂದೂ ನೆಲಕ್ಕ ಬೀಳಲಿಲ್ಲ. ಹೆಣ್ಣಮಕ್ಕಳ ಸಂಘದಾಗ "ಅಕ್ಕಾ, ನೀವು ಮನ್ಯಾಗ ಆರಾಮ ತಗೋರಿ, ನಿಮ್ಮ ಸಹಿ ನಾವ ಮಾಡ್ತೇವಿ" ಅಂದ್ರು.

ಕಫ ಕೊಡಾಕ ದವಾಖಾನಿಗೆ ಹೋದ ದಿನದ್ದು ಹೇಳ್ತೇನಿ. ಟಿಬಿ ಅಲ್ಲ ಅಂತ ಗೊತ್ತಾಗೂತನಕ ಮಾಸ್ಕ್ ಹಾಕ್ಕೋರಿ ಅಂದಿದ್ರು ಡಾಕ್ಟರ್, ಹಾಕ್ಕೊಂಡಿದ್ನಿ. ಹೆಣ್ಣಮಕ್ಕಳಿಗೆ ಬಸ್ ಪುಕ್ಕಟ ಆದಾಗಿಂದ ಕಾಲ ಇಡಾಕ ಜಾಗ ಇರೂದಿಲ್ಲ. ನಾ ಹತ್ತಿ, ಕಂಬಿ ಹಿಡದು, ಒಂದ ಸಲ ಕೆಮ್ಮಿದ್ನಿ. ಮೂರು ಮಂದಿ ಕುಂತ ಸೀಟು ಪೂರಾ ಖಾಲಿ! ಇಪ್ಪತ್ತು ವರ್ಷ "ಸ್ವಲ್ಪ ಸರೀರಿ, ಮುಂದ ಹೋಗ್ರಿ" ಅಂತ ಗಂಟಲ ಹರಕೊಂಡ್ರೂ ಒಬ್ಬರೂ ಸರಿಯದ ಮಂದಿ, ಒಂದು ಕೆಮ್ಮಿಗೆ ಎದ್ದು ಮಹಾರಾಣಿ ಮಾಡಿಬಿಟ್ರು ನನ್ನ. ಕಿಟಕಿ ಬಾಜೂ ಕಾಲು ಚಾಚಿ ಕುಂತ್ನಿ. ದವಾಖಾನಿ ಬರೂತನಕ ಆ ಸೀಟಿಗೆ ಯಾರೂ ಬರಲಿಲ್ಲ. ಮೊದಮೊದಲ ನಗು ಬಂತು, ಅರ್ಧ ದಾರಿಗೆ ಆ ಖಾಲಿ ಜಾಗ ನನ್ನ ತೊಡಿಗೆ ಚುಚ್ಚಾಕ ಹತ್ತಿತು ನೋಡು.

ದವಾಖಾನ್ಯಾಗ ಸಣ್ಣ ಡಬ್ಬಿ ಕೊಟ್ಟು "ಒಳಗಿಂದ ಕೆಮ್ಮಿ ಉಗುಳ್ರಿ" ಅಂದ್ರು. ದಿನಾ ರಾಶಿ ಬರೂದು, ಅವತ್ತ ಕೆಮ್ಮೂ ಬರವಲ್ದು, ಕಫಾನೂ ಬರವಲ್ದು. ಡಬ್ಬಿ ಹಿಡದು ಶಿಳ್ಳೆ ಹಾಕೂ ಹುಡುಗೂರ ಹಂಗ ಬಾಯಿ ಮಾಡಿಕೊಂಡು ನಿಂತಿದ್ನಿ. ಹಿಂದ ನಿಂತ ನಮ್ಮವರು ಸುಮ್ನ ಗಂಟಲ ಸರಿ ಮಾಡಿಕೊಂಡ್ರು, ಪುಪ್ಪಸ ಕಿತ್ತು ಬಂದಂಗ ಸಪ್ಪಳ ಆತು. "ರಮಾ, ನನಗ ಭಾಳ ಐತಿ, ನಂದ ತಗೊಂಡು ಕೊಟ್ಟುಬಿಡು" ಅಂದ್ರು. ಇಸ್ಕೂಲಿನ್ಯಾಗ ಲೆಕ್ಕ ಕಾಪಿ ಹೊಡಿಸಿದಂಗ! ಆ ಸಪ್ಪಳ ಒಳಗ ಕುಂತ ಡಾಕ್ಟರ್‌ಗೆ ಕೇಳಿಸಿ, ಅಂವ ಹೊರಗ ಬಂದು, "ಕಾಕಾ, ನೀವೂ ಬರ್ರಿ" ಅಂತ ಕರಕೊಂಡು ಹೋಗಿ ಒಂದು ಮಷೀನಿನ ಕೊಳವಿ ಊದಿಸಿದ. ಇವರು ಮಾರಿ ಕೆಂಪಗ ಮಾಡಿ ಊದಿದ್ರು. "ನಿಮ್ಮ ಪುಪ್ಪಸಕ್ಕ ನಿಮಗಿಂತ ಹತ್ತು ವರ್ಷ ವಯಸ್ಸು ಹೆಚ್ಚಾಗೈತ್ರಿ" ಅಂದ ಡಾಕ್ಟರ್. ಇವರು "ಹಂಗಾರ ಅದಕ್ಕ ಪಿಂಚಣಿ ಹೆಚ್ಚು ಬರಬೇಕಲ್ರಿ" ಅಂದ್ರು.

ಡಾಕ್ಟರ್ ನಗಲಿಲ್ಲ. ಇವರೂ ನಗು ನಿಲ್ಲಿಸಿದ್ರು. ನಾ ಬಾಗಲದಾಗ ನಿಂತದ್ದು ಇವರಿಗೆ ಗೊತ್ತಿರಲಿಲ್ಲ. ಸಣ್ಣ ದನಿಯೊಳಗ ಕೇಳಿದ್ರು, "ಸಾಹೇಬ್ರ, ಅಕೀಗೆ ಆಗಿದ್ದು ನನ್ನ ಹೊಗಿಯಿಂದ ಏನ್ರಿ?"

ಡಾಕ್ಟರ್, "ಇದರಿಂದನ ಆತು ಅಂತ ಹೇಳಿದ್ರ ನಾ ಸುಳ್ಳು ಹೇಳಿದಂಗ ಆಗತೈತ್ರಿ. ಏನೂ ಇಲ್ಲ ಅಂದ್ರೂ ಸುಳ್ಳು. ಮನಿಯೊಳಗಿನ ಹೊಗಿ ಅವರ ಪುಪ್ಪಸಕ್ಕ ಆರಾಕ ಬಿಡೂದಿಲ್ಲ, ಬಾವು ಹಂಗ ಉಳೀತೈತಿ. ಉಳೀಬಾರದು. ನಿಮ್ಮ ಕೈಯಾಗ ಇರೂದು ಇಷ್ಟ ನೋಡ್ರಿ" ಅಂದ.

ಹೊರಗ ಬಂದವರು ಕಸದ ಡಬ್ಬಿ ಹತ್ತಿರ ಹೋಗಿ ಬೀಡಿ ಕಟ್ಟು ಒಗದ್ರು. ನಾಕು ಹೆಜ್ಜಿ ಬಂದು ಹೊಳ್ಳಿದ್ರು. ತಗೋತಾರ ಮತ್ತ, ನಾಯಿ ಬಾಲ ಡೊಂಕ ಅಂದ್ಕೊಂಡ್ನಿ. ಇಲ್ಲ, ಕಡ್ಡಿಪೆಟ್ಟಿಗಿನೂ ಒಗದು ಬಂದ್ರು. ಗ್ಯಾಸ್ ಹಚ್ಚಾಕ ಮನ್ಯಾಗ ಇದ್ದದ್ದು ಅದೊಂದ ಕಡ್ಡಿಪೆಟ್ಟಿಗಿ, ಅವತ್ತ ಅಡಗಿ ಆಗಲಿಲ್ಲ, ಆ ಮಾತು ಬ್ಯಾರೆ. ಅವತ್ತಿಂದ ಬಾಯಾಗ ಬಡೇಸೋಪಿನ ಕಾಳ ಹಾಕ್ಕೊಂಡು ಮೇಕಿ ಹಂಗ ಮೆಲಕ್ಯಾಡಿಸ್ತಾರ. ಬಿಟ್ಟವರ ಉಪದ್ರ ಸೇದೂವರಗಿಂತ ಹೆಚ್ಚವಾ! ಬಸ್ ಸ್ಟ್ಯಾಂಡಿನ್ಯಾಗ ಗುರುತಿಲ್ಲದ ಮನಷ್ಯಾನ ಬಾಯಾಗಿನ ಬೀಡಿ ಕಸಗೊಂಡು, "ಇಲಿಗೆ ಇರೂ ತಿಳುವಳಿಕಿ ನಿನಗಿಲ್ಲೇನ್ಲೇ?" ಅಂದು ಹೊಡತ ತಿನ್ನೂದು ಸ್ವಲ್ಪದರಾಗ ತಪ್ಪೈತಿ.

ಕಫದಾಗ ಟಿಬಿ ಇಲ್ಲ ಅಂತ ಬಂತು. ಆಮ್ಯಾಲ ಸೂಜಿ. ಬೆನ್ನಿಗೆ ಜೋಮ ಹಿಡಿಸಿ ಹಾಕಿದ್ರು, ಹೆಚ್ಚೇನು ನೋವಾಗಲಿಲ್ಲ. ನೋವಾಗಿದ್ದು ಅದಾದ ಮ್ಯಾಲಿನ ದಿನಗಳೊಳಗ. ತುಣುಕಿನ ವರದಿ ಬರೂತನಕ ನಾವಿಬ್ಬರೂ ಒಬ್ಬರಿಗೊಬ್ಬರು ಭಾಳ ಮರ್ಯಾದಿ ಕೊಟ್ಟು ಮಾತಾಡಿದಿವಿ. "ಉಪ್ಪು ಬೇಕೇನ್ರಿ?" "ಬ್ಯಾಡ, ಬರೋಬ್ಬರಿ ಐತಿ." ಉಪ್ಪ ಹಾಕಿರಲಿಲ್ಲ ನಾ. ಒಂದು ಸಂಜೀಕ ನಾ ಟ್ರಂಕಿನಾಗಿನ ಸೀರಿ ತಗದು ಹರವಿಕೊಂಡು ಕುಂತಿದ್ನಿ, ಯಾವುದು ಯಾರಿಗೆ ಕೊಡಬೇಕು ಅಂತ. ನಮ್ಮವರು ಬಂದು ನೋಡಿ, ಎಲ್ಲಾ ಮಡಚಿ ಹೊಳ್ಳಿ ಟ್ರಂಕಿನ್ಯಾಗ ಇಟ್ರು. ಸೀರಿ ಮಡಚಾಕ ಬರೂದಿಲ್ಲ ಅವರಿಗೆ, ವಾಯರ್ ಸುತ್ತಿದಂಗ ಸುತ್ತಿ ಇಟ್ಟಿದ್ರು. ನೀ ಕೊಡಿಸಿದ ಟೋಪಿ ತೆನಿ ಸೆರಗಿನ ಇಳಕಲ್ಲ ಸೀರಿಯೊಳಗ ಇನ್ನೂ ಆ ಸುರಳಿ ಹೋಗಿಲ್ಲ.

ವರದಿ ಬಂದ ದಿನ ಡಾಕ್ಟರ್ ಓದಾಕತ್ತಾನ, ನಮ್ಮವರು ಅಂವನ ತುಟಿ ನೋಡಾಕತ್ತಾರ. ನನಗ ಟೂತ್‌ಪೇಸ್ಟ್ ನೆನಪಾಗಿ, ಆ ಅಂಜಿಕಿಯೊಳಗೂ ನಗು ಬಂತು ನೋಡು! ಡಾಕ್ಟರ್ ತಲಿ ಎತ್ತಿ, "ಅವ್ವಾರ, ತುಣುಕಿನ್ಯಾಗ ಕ್ಯಾನ್ಸರ್ ಇಲ್ರಿ. ಇದು ಆರದ ಉಳದ ಸೋಂಕು, ಹಳೇ ಬಾವು. ಔಷಧಕ್ಕ ಬಗ್ಗತೈತಿ. ಮೂರು ತಿಂಗಳಿಗೆ ಮತ್ತೊಮ್ಮೆ ಫೋಟೋ ತಗದು ಖಾತ್ರಿ ಮಾಡ್ಕೊಳ್ಳೂಣು" ಅಂದ.

"ಹಂಗಾರ ಅವು ಎದ್ದಿಲ್ಲಲ್ರಿ?" ನಮ್ಮವರು ಕೇಳಿದ್ರು.

"ಅವು ಅದಾವೋ ಇಲ್ಲೋ ಅನ್ನೂದ ಯಾರಿಗೂ ಗೊತ್ತಿಲ್ರಿ ಕಾಕಾ. ಇದ್ರ ಮಲಗಿರಲಿ. ಹೊಗಿ, ಧೂಳು ದೂರ ಇಡ್ರಿ, ಜ್ವರದ ಲಸಿಕಿ ಹಾಕಿಸ್ರಿ, ಕೆಮ್ಮು ಬಂದ್ರ ತಡಾ ಮಾಡದ ಬರ್ರಿ. ಹಾಡಿಗೆ, ಕುಕ್ಕರಿಗೆ ಅವು ಏಳೂದಿಲ್ಲ. ಅವನ್ನ ಬಿಟ್ಟುಬಿಡ್ರಿ" ಅಂದ. ಫ್ಯೂಜಿನ ಸುದ್ದಿ ಅಂವಗ ಹೆಂಗ ಮುಟ್ಟಿತ್ತೋ ಏನೋ.

ಬಾಗಲಾ ದಾಟಿದ ಕೂಡ್ಲೇ ನಮ್ಮವರು ಒಂದು ಕೇಕಿ ಹೊಡದ್ರು ಮಲ್ಲಕ್ಕ! ಒಂದು ತಿಂಗಳಿಂದ ಹೊಟ್ಟ್ಯಾಗ ಇಟ್ಕೊಂಡ ಸಪ್ಪಳ ಎಲ್ಲಾ ಒಮ್ಮೆಲೇ ಹೊರಗ ಬಂತು. ಪೇಶಂಟ್ ಎದ್ದು ಕುಂತ್ರು. ನರ್ಸಬಾಯಿ ಓಡಿ ಬಂದು "ಏನ್ರೀ ಇದು? 'ಸದ್ದು ಮಾಡಬ್ಯಾಡ್ರಿ' ಅಂತ ಬೋರ್ಡ್ ಕಾಣೂದಿಲ್ಲೇನು?" ಅಂತ ಬೈದಳು. ಇವರು ಅಕೀಗೆ ಒಂದು ಹಿಡಿ ಬಡೇಸೋಪ ಕೊಟ್ರು.

ಮರದಿನ ಮುಂಜಾನೆ ಕಾಯಿಪಲ್ಯೆ ಗಾಡಿ ಸುತ್ತ ಓಣಿ ಹೆಣ್ಣಮಕ್ಕಳು ನೆರೆದಿದ್ರು. ನಾ ಗೇಟಿನ್ಯಾಗ ನಿಂತು ಹಳೇ ದನಿ ತಗದ್ನಿ: "ಯಾರೂ ಹಿಂದ ಸರೀಬ್ಯಾಡ್ರಿ! ಕೇಳ್ರಿ ಇಲ್ಲೆ! ಟಿಬಿ ಇದ್ರ ಕೆಮ್ಮಿನಿಂದ ಒಬ್ಬರಿಂದ ಒಬ್ಬರಿಗೆ ಹರಡತೈತಿ. ಅದು ನನಗಿಲ್ಲ. ಇದ್ದಿದ್ರ ಗುಳಿಗಿ ನುಂಗಿ ಆರಾಮ ಆಗತಿದ್ನಿ. ಕ್ಯಾನ್ಸರ್ ಹರಡಿದ್ರ ಒಂದ ಮೈಯೊಳಗ ಹರಡತೈತಿ, ಬಾಜೂ ಕುಂತವರಿಗೆ ಹತ್ತೂದಿಲ್ಲ. ಅದೂ ನನಗ ಹೊಳ್ಳಿ ಬಂದಿಲ್ಲ. ತಿಳೀತಿಲ್ಲೋ? ತಿಳದವರು ಕೈ ಎತ್ರಿ!" ಎಲ್ಲಾರಗಿಂತ ಮೊದಲ ಕೈ ಎತ್ತಿದಾಕಿ ಸುಂದರವ್ವ. ದೌಡ ಬಂದು ನನ್ನ ಹೆಗಲ ಮ್ಯಾಲ ಬಿದ್ದು ಅತ್ತು, "ಯವ್ವಾ, ನಾ ಬರೇ ಹರಡೈತಿ ಅಂದಿದ್ನಿ" ಅಂದಳು. ಕೂಸು ಹುಟ್ಟಿದ ಮ್ಯಾಲ ತೊಟ್ಟಿಲಕ್ಕ ಹಾಕೂ ದಿನ ಸ್ಪೀಕರ್ ಮುಖ ಯಾವ ಕಡಿ ಇಡಬೇಕು ಅನ್ನೂದು ಇನ್ನ ನನ್ನ ಹುಕುಮ್ ಅಂತ.

ಹಿಂಗೈತಿ ನೋಡು ನಮ್ಮ ಸಂಗತಿ. ನಿನ್ನ ಮಗಗ, ಸೊಸಿಗೆ ನಮ್ಮಿಬ್ಬರ ಆಶೀರ್ವಾದ. ಮೊಮ್ಮಗಳು ಅಕ್ಷರ ಕಲಿಯಾಕತ್ತಿರಬೇಕಲ್ಲ, ‘ತ’ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ಚಂದಗೆ ಕಲಿಸು. ನಿನ್ನ ಮೊಳಕಾಲ ನೋವು ಕಡಿಮಿ ಆಗಲಿ, ನೂರು ವರ್ಷ ಬಾಳು. ಅಷ್ಟೂ ವರ್ಷ ನನಗ ಬುದ್ಧಿ ಹೇಳ್ಕೋತ ಇರು.

ನಿನ್ನ,
ರಮಾಬಾಯಿ

ತಾ.ಕ.: ಪಾಕೀಟು ಅಂಟಿಸಿದಾಕಿ ಹೊಳ್ಳಿ ಬಿಚ್ಚಿ ಬರ್ಯಾಕತ್ತೇನಿ. ಮಲ್ಲಕ್ಕ, ಆಪರೇಷನ್ ಆದ ವರ್ಷ ನೀ ನನ್ನ ನೋಡಾಕ ಬಂದಿದ್ದಿ. ನಾ ಚಾ ತಂದಿಟ್ನಿ. ನೀ ಚೀಲದಾಗಿಂದ ಒಂದು ಕಾಗದದ ಕಪ್ಪು ತಗದು, ನನ್ನ ಕಪ್ಪಿನ್ಯಾಗಿನ ಚಾ ಅದಕ ಸುರುವಿಕೊಂಡು ಕುಡದಿ. ಒಂದ ಡಬ್ಬಿಯೊಳಗ ಕೈ ಹಾಕಿ ರೊಟ್ಟಿ ಮುರದವರು ನಾವು, ಹೊಂಟ ಬಸ್ಸಿನ್ಯಾಗ, ಎಲ್ಲಾರೂ ನೋಡೂ ಹಂಗ. ನಾ ಏನೂ ಕೇಳಲಿಲ್ಲ. ನೀನೂ ಅವತ್ತಿಂದ ಬರಲಿಲ್ಲ. ರೋಗಕ್ಕ ಅಂಜಿದ್ದಿ ಅಂದ್ರ, ಡಾಕ್ಟರ್ ಹೇಳಿದ್ದೆಲ್ಲಾ ನಿನ್ನ ಸಲುವಾಗೇ ಇಷ್ಟು ಉದ್ದ ಬರದೇನಿ, ಓದಿ ಬಂದುಬಿಡು. ಅದಲ್ಲ, ನಾ ಹುಟ್ಟಿದ ಕೇರಿ ಅಡ್ಡ ಬಂದಿದ್ರ, ಅದನ್ನ ನನಗ ಬರೀಬ್ಯಾಡ. ರೋಗಕ್ಕ ಅಂಜಿದ್ನಿ ಅಂತನ ಬರೀ. ನಾ ನಂಬತೇನಿ.